ಕಾಣುವುದು ಬೇರೆ, ಕಾಣಿಸಿಕೊಳ್ಳುವುದು ಬೇರೆ

(ಬಳಗದ ಸ್ಥಾಪನಾ ದಿನಾಚರಣೆಯಂದು ಸೆಲ್ಲಿ ಓಕ್‌ನಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಯದರ್ಶಿಗಳು ಫೋನು ಮಾಡಿ, "ಡಾಕ್ಟರೆ, ಈ ಸಲ ಆರೋಗ್ಯದ ಬಗ್ಗೆ ನೀವು ಇಪ್ಪತ್ತು ನಿಮಿಷ ಮಾತಾಡಬೇಕು" ಎಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರಬೇಕು. ಆ ಎರಡರ ಬಗ್ಗೆಯೂ ಈ ವೇದಿಕೆಯಿಂದ ಹಿಂದೆ ಕೇಳಿದ್ದೀರಿ. ಕೇಳಿ ಆದ ಮೇಲೆ ಊಟದ ಸಾಲಿನಲ್ಲಿ ನಿಂತು ಎರಡೆರಡು ಹೋಳಿಗೆ ಹಾಕಿಸಿಕೊಂಡಿದ್ದೀರಿ. ನಾನೂ ಹಾಕಿಸಿಕೊಂಡಿದ್ದೇನೆ. ಆದ್ದರಿಂದ ಈ ಸಲ ಬೇರೆ ವಿಷಯ ಆರಿಸಿಕೊಂಡೆ. ರಾತ್ರಿ ಸೈಕಲ್ ತುಳಿಯುವವರು ಕಾರು ಓಡಿಸುವವರ ಕಣ್ಣಿಗೆ ಬೀಳುವುದು ಹೇಗೆ ಎಂಬುದೇ ಆ ವಿಷಯ. ಕನ್ನಡದ ಹಬ್ಬದಲ್ಲಿ ಸೈಕಲ್ ದೀಪದ ಮಾತೇ ಎಂದು ದಯವಿಟ್ಟು ನಗಬೇಡಿ. ಇದನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ಅದು ನನಗೆ ಅಷ್ಟೇನೂ ಗೌರವ ತರುವ ಕಾರಣವಲ್ಲ, ಆದರೂ ಮೊದಲು ಅದನ್ನೇ ಹೇಳಿಬಿಡುತ್ತೇನೆ.

2022ರ ನವೆಂಬರಿನ ಒಂದು ಸಂಜೆ. ಸಂಜೆ ಎಂದೆ, ಆದರೆ ಇಲ್ಲಿಯ ನವೆಂಬರ್ ನಿಮಗೆ ಗೊತ್ತು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತೆಂದರೆ ಮಧ್ಯಾಹ್ನದ ಕಾಫಿಗೂ ರಾತ್ರಿಯ ಅಡುಗೆಗೂ ನಡುವೆ ಸಂಜೆ ಎಂಬುದೇ ಇರುವುದಿಲ್ಲ. ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಸೂರ್ಯ ನಾಲ್ಕಕ್ಕೆ ಮೊದಲೇ ಮನೆಗೆ ಹೋಗುತ್ತಾನೆ. ಬೆಂಗಳೂರಿನಲ್ಲಾದರೆ ವರ್ಷದ ಅತಿ ಚಿಕ್ಕ ದಿನದಲ್ಲೂ ಆರರ ತನಕ ಇರುತ್ತಾನೆ. ಅಂದರೆ ಊರಿನಲ್ಲಿ ರಾತ್ರಿ ಸೈಕಲ್ ತುಳಿಯಬೇಕಾದರೆ ನಾವು ರಾತ್ರಿ ಹೊರಗೆ ಹೋಗಬೇಕಿತ್ತು. ಇಲ್ಲಿ ಶಾಲೆ ಬಿಟ್ಟು ಸ್ವಲ್ಪ ಹೊತ್ತು ಆಡಿ ಬರುವ ಮಗುವೂ ರಾತ್ರಿಯಲ್ಲೇ ಸೈಕಲ್ ತುಳಿಯುತ್ತದೆ.

ಆ ದಿನ ಸಣ್ಣ ಮಳೆ ಹಿಡಿದಿತ್ತು. ಕೆಲಸ ಮುಗಿಸಿ ಬ್ರಿಸ್ಟಲ್ ರಸ್ತೆಯಲ್ಲಿ ಮನೆಯ ಕಡೆ ಬರುತ್ತಿದ್ದೆ. ಸೆಲ್ಲಿ ಓಕ್‌ನ ಆ ಭಾಗ ನಿಮಗೆಲ್ಲ ಪರಿಚಯವೇ. ಎರಡೂ ಕಡೆ ಊಟದ ಅಂಗಡಿಗಳು, ಬಣ್ಣಬಣ್ಣದ ಬೋರ್ಡುಗಳು, ಬಸ್ಸುಗಳು, ಒದ್ದೆ ರಸ್ತೆಯಲ್ಲಿ ಅವೆಲ್ಲದರ ಪ್ರತಿಬಿಂಬ. ಕತ್ತಲೆಯಲ್ಲ, ದೀಪಾವಳಿ. ನಾನು ವೇಗವಾಗಿ ಹೋಗುತ್ತಿರಲಿಲ್ಲ. ಎಡಗಡೆಯ ಒಂದು ಅಡ್ಡರಸ್ತೆಗೆ ತಿರುಗಬೇಕಿತ್ತು, ಸೂಚಕ ದೀಪ ಹಾಕಿದೆ, ಕನ್ನಡಿ ನೋಡಿದೆ, ತಿರುಗಿದೆ. ಕಾರಿನ ಪಕ್ಕಕ್ಕೆ ಏನೋ ಬಡಿದ ಶಬ್ದವಾಯಿತು, ಅದರ ಹಿಂದೆಯೇ "ಯವ್ವಾ!" ಎಂಬ ಕೂಗು.

ಬರ್ಮಿಂಗ್‌ಹ್ಯಾಮಿನ ರಸ್ತೆಯಲ್ಲಿ "ಯವ್ವಾ" ಎಂಬ ಕೂಗು ಕೇಳಿದಾಗ ನನ್ನ ಎದೆಯಲ್ಲಿ ಆದದ್ದನ್ನು ವಿವರಿಸಲಾರೆ. ಇಳಿದು ಓಡಿದೆ. ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷದ ಹುಡುಗ. ದಾವಣಗೆರೆ ಕಡೆಯವನು, ಇಲ್ಲಿ ಸ್ನಾತಕೋತ್ತರ ಪದವಿಗೆ ಬಂದವನು, ರೆಸ್ಟೋರೆಂಟ್ ಒಂದರ ಅಡುಗೆಮನೆಯ ಕೆಲಸಕ್ಕೆಂದು ಹೊರಟಿದ್ದ. ಮೈಮೇಲೆ ಊರಿನಿಂದ ತಂದ ಉದ್ದನೆಯ ಕಪ್ಪು ಕೋಟು. ಸೈಕಲ್ಲಿಗೆ ಹಿಂದೆ ಕೆಂಪು ದೀಪ ಇತ್ತು, ಉರಿಯುತ್ತಲೂ ಇತ್ತು. ಆದರೆ ಸೀಟಿನ ಕೆಳಗಿನ ಆ ದೀಪದ ಮೇಲೆ ಕೋಟಿನ ಅಂಚು ಪರದೆಯಂತೆ ಇಳಿಬಿದ್ದಿತ್ತು. ಎರಡು ಸೆಕೆಂಡಿನ ಹಿಂದೆ ನಾನು ಅವನನ್ನು ದಾಟಿ ಮುಂದೆ ಬಂದಿದ್ದೆ. ನನ್ನ ಮುಂದೀಪ ಅವನ ಬೆನ್ನ ಮೇಲೆ ಬಿದ್ದೇ ಇರಬೇಕು. ನಾನು ಅವನನ್ನು ನೋಡಲೇ ಇಲ್ಲ.

ತಪ್ಪು ನನ್ನದು. ಇದರಲ್ಲಿ ಎರಡು ಮಾತಿಲ್ಲ. ತಿರುಗುವ ಕಾರು ನೇರ ಹೋಗುವ ಸೈಕಲ್ಲಿನ ದಾರಿಗೆ ಅಡ್ಡ ಬರಬಾರದು ಎಂಬುದನ್ನು 2022ರ ಜನವರಿಯಲ್ಲಿ ಹೈವೇ ಕೋಡ್ ತಿದ್ದುಪಡಿಯಾದಾಗ ಇನ್ನಷ್ಟು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಅದನ್ನು ಓದಿಯೂ ಇದ್ದೆ. ವಿಮೆಯವರಿಗೂ ಪೊಲೀಸರಿಗೂ ಹಾಗೆಯೇ ತಿಳಿಸಿದೆ. ಆದರೆ ಆ ರಾತ್ರಿ ಅವನು ಹೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಪಾದಚಾರಿ ಮಾರ್ಗದ ಮೇಲೆ ಕೂತು ಅವನೆಂದ: "ನಿಮ್ಮ ಕಾರು ನನಗ ಚಲೋ ಕಾಣಸ್ತಿತ್ತು ಸರ್. ಹಂಗಾಗಿ ನಾನೂ ನಿಮಗ ಕಾಣಸ್ತೀನಿ ಅಂದ್ಕೊಂಡೆ."

ಇವತ್ತಿನ ನನ್ನ ಭಾಷಣವೆಲ್ಲ ಈ ಒಂದು ಮಾತಿನ ಮೇಲೆ ಬರೆದ ಟಿಪ್ಪಣಿ ಎಂದು ತಿಳಿಯಿರಿ. ರಾತ್ರಿ ಸೈಕಲ್ ಮೇಲೆ ಕೂತವನಿಗೆ ಕಾರು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಕಾರಿಗೆ ಎರಡು ದೊಡ್ಡ ದೀಪಗಳಿವೆ. ಆ ಬೆಳಕು ಅವನ ಕಣ್ಣಿಗೆ ಹೊಡೆಯುತ್ತದೆ, ಮೈಮೇಲೆಲ್ಲ ಬೀಳುತ್ತದೆ. ಇಷ್ಟು ಬೆಳಕಿನಲ್ಲಿ ನಾನು ಕಾಣದೆ ಇರುತ್ತೇನೆಯೇ ಎಂದು ಅವನಿಗೆ ಅನಿಸುತ್ತದೆ. ಆದರೆ ಕಾರಿನೊಳಗಿನವನಿಗೆ ಕಾಣುವುದು ಆ ಮೈಯಿಂದ ವಾಪಸು ಬಂದ ಬೆಳಕು ಮಾತ್ರ. ಕಪ್ಪು ಕೋಟು ಬೆಳಕನ್ನು ಕುಡಿದುಬಿಡುತ್ತದೆ, ವಾಪಸು ಕೊಡುವುದಿಲ್ಲ. ಪೇಟೆಗೆ ಹೋದವನಿಗೆ ಎಲ್ಲರ ಮುಖ ಕಂಡಿತೆಂದ ಮಾತ್ರಕ್ಕೆ ಅವನನ್ನು ಎಲ್ಲರೂ ನೋಡಿದರು ಎಂದಾಗುತ್ತದೆಯೇ? ಇದೂ ಹಾಗೆ.

ಇನ್ನು ಕಣ್ಣಿನ ವಿಷಯ. ವೈದ್ಯನಾಗಿ ಇಷ್ಟಾದರೂ ಹೇಳದಿದ್ದರೆ ಕಾರ್ಯದರ್ಶಿಗಳಿಗೆ ಬೇಸರವಾದೀತು. ಕಣ್ಣಿನ ಹಿಂಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಹಗಲಿಗೆ ಮತ್ತು ಬಣ್ಣಕ್ಕೆ ಶಂಕು ಕೋಶಗಳು, ಮಬ್ಬು ಬೆಳಕಿಗೆ ಕಡ್ಡಿ ಕೋಶಗಳು. ಕತ್ತಲೆಗೆ ಹೋದಾಗ ಕಡ್ಡಿ ಕೋಶಗಳು ಪೂರ್ತಿ ಎಚ್ಚರಗೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಬ್ರಿಸ್ಟಲ್ ರಸ್ತೆಯಂಥ ಕಡೆ ಅಂಗಡಿ ದೀಪ, ಬಸ್ಸಿನ ದೀಪ ಕಣ್ಣಿಗೆ ಹೊಡೆಯುತ್ತಲೇ ಇರುವುದರಿಂದ ಅವಕ್ಕೆ ಪೂರ್ತಿ ಎಚ್ಚರವಾಗುವ ಅವಕಾಶವೇ ಸಿಗುವುದಿಲ್ಲ. ಅತ್ತ ಹಗಲಿನ ಕಣ್ಣೂ ಅಲ್ಲ, ಇತ್ತ ರಾತ್ರಿಯ ಕಣ್ಣೂ ಅಲ್ಲ. ನಗರದ ಚಾಲಕ ಓಡಿಸುವುದು ಈ ಅರ್ಧಂಬರ್ಧ ಕಣ್ಣಿನಲ್ಲಿ.

ಇನ್ನೊಂದು ಸ್ವಾರಸ್ಯವಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವೈದ್ಯ ಬೆಳಗಿನ ಜಾವದ ಮಬ್ಬಿನಲ್ಲಿ ಹೂಗಳನ್ನು ನೋಡಿ ಕಂಡುಕೊಂಡದ್ದು. ಬೆಳಕು ಕಡಿಮೆಯಾದಂತೆ ಎಲ್ಲಕ್ಕಿಂತ ಮೊದಲು ಕಪ್ಪಾಗುವುದು ಕೆಂಪು. ಊರಿನ ಹಿತ್ತಿಲಿನ ದಾಸವಾಳವನ್ನು ನೆನಪಿಸಿಕೊಳ್ಳಿ. ದೀಪ ಹಚ್ಚುವ ಹೊತ್ತಿಗೆ ಎಲೆ ಇನ್ನೂ ಮಸುಕಾಗಿ ಕಾಣುತ್ತಿರುತ್ತದೆ, ಹೂವು ಕಪ್ಪಾಗಿಬಿಟ್ಟಿರುತ್ತದೆ. ಆದ್ದರಿಂದ "ನಮ್ಮ ಮಗನಿಗೆ ಒಳ್ಳೆ ಕೆಂಪು ಜಾಕೆಟ್ ಕೊಡಿಸಿದ್ದೇವೆ, ಎಲ್ಲಿದ್ದರೂ ಕಾಣುತ್ತಾನೆ" ಎಂದು ನಿಶ್ಚಿಂತರಾಗಿರುವ ತಾಯಂದಿರು ಸ್ವಲ್ಪ ಯೋಚಿಸಬೇಕು. ಹಗಲಲ್ಲಿ ಕಾಣುತ್ತಾನೆ. ಸಂಜೆ ಅವನು ನನ್ನ ಹುಡುಗನ ಕಪ್ಪು ಕೋಟಿಗಿಂತ ಹೆಚ್ಚೇನೂ ಬೇರೆಯಲ್ಲ.

ಹಾಗಾದರೆ ರಸ್ತೆ ಕೆಲಸದವರು ಹಾಕುವ ಆ ಕಣ್ಣು ಕುಕ್ಕುವ ಹಳದಿ ಜಾಕೆಟ್? ಇಲ್ಲೇ ಬಹಳ ಜನ ಮೋಸ ಹೋಗುವುದು. ಆ ಹಳದಿ ಹಗಲಿನ ಬಣ್ಣ. ಸೂರ್ಯನ ಬೆಳಕಿನಲ್ಲಿ ನಮಗೆ ಕಾಣದ ನೇರಳಾತೀತ ಕಿರಣಗಳಿವೆ. ಆ ಬಟ್ಟೆ ಅವನ್ನು ಹೀರಿ ಕಾಣುವ ಬೆಳಕಾಗಿ ಹೊರಗೆ ಬಿಡುತ್ತದೆ. ಅದಕ್ಕೇ ಅದು ತನ್ನಷ್ಟಕ್ಕೆ ತಾನೇ ಉರಿಯುತ್ತಿರುವಂತೆ ಕಾಣುವುದು. ಮೋಡ ಕವಿದ ಮಧ್ಯಾಹ್ನದಲ್ಲಿ ಅದಕ್ಕೆ ಸಮನಿಲ್ಲ. ಆದರೆ ಕಾರಿನ ದೀಪದಲ್ಲಿ, ಬೀದಿ ದೀಪದಲ್ಲಿ ಆ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆ. ರಾತ್ರಿಯಾದ ಮೇಲೆ ಅದು ಬರೀ ಒಂದು ಹಳದಿ ಬಟ್ಟೆ. ರಾತ್ರಿ ಕೆಲಸಕ್ಕೆ ಬರುವುದು ಅದರ ಮೇಲೆ ಹೊಲಿದಿರುವ ಬೂದು ಬಣ್ಣದ ಪಟ್ಟಿ. ಹಗಲಲ್ಲಿ ನೋಡಿದರೆ ಅದಕ್ಕಿಂತ ನಿಸ್ತೇಜವಾದದ್ದು ಇನ್ನೊಂದಿಲ್ಲ.

ಆ ಬೂದು ಪಟ್ಟಿಯಲ್ಲಿ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ. ಬೆಳಕು ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ಅದನ್ನು ವಾಪಸು ಕಳಿಸುವುದು ಅವುಗಳ ಕೆಲಸ. ನಮ್ಮ ಉತ್ತರದ ಕಡೆಯವರಿಗೆ, ಲೀಡ್ಸಿನಿಂದ ಬಂದಿರುವ ಮಿತ್ರರಿಗೆ, ಇದು ಹೆಮ್ಮೆಯ ವಿಷಯವಾಗಬೇಕು. ರಸ್ತೆಯ ನಡುವೆ ಮಿನುಗುವ ಬೆಕ್ಕಿನ ಕಣ್ಣುಗಳಿಗೆ 1934ರಲ್ಲಿ ಪೇಟೆಂಟ್ ಪಡೆದ ಪರ್ಸಿ ಶಾ ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸಿನವರು. ಆ ಕಣ್ಣುಗಳಿಗೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ಬರುವ ಕಾರಿನ ಬೆಳಕನ್ನೇ ಆ ಕಾರಿನವನಿಗೆ ಹಿಂದಿರುಗಿಸುತ್ತವೆ. ಸಾಲ ಕೊಟ್ಟವನಿಗೇ ಸಾಲ ತೀರಿಸುವ ಪ್ರಾಮಾಣಿಕರು ಎನ್ನಬಹುದು.

ಆ ಪಟ್ಟಿ ಮೈಯ ಯಾವ ಭಾಗದಲ್ಲಿ ಇರಬೇಕು? ನಾನು ಎದೆ, ಬೆನ್ನು ಎಂದುಕೊಂಡಿದ್ದೆ. ಅಪಘಾತದ ಮೇಲೆ ಕೂತು ಓದಿದಾಗ ಗೊತ್ತಾಯಿತು, ಉತ್ತರ ಕಾಲು ಎಂದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಜೋಆನ್ ವುಡ್ ಮತ್ತು ಸಂಗಡಿಗರು ರಾತ್ರಿ ಹೊತ್ತು, ಬೇರೆ ವಾಹನಗಳಿಲ್ಲದ ರಸ್ತೆಯಲ್ಲಿ ಚಾಲಕರನ್ನು ಕೂರಿಸಿ ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಕಪ್ಪು ಬಟ್ಟೆಯ ಸೈಕಲ್ ಸವಾರನನ್ನು ಚಾಲಕರು ಗುರುತಿಸಿದ್ದು ನೂರಕ್ಕೆ 2 ಸಲ. ಹಳದಿ ಹೊಳಪಿನ ಜಾಕೆಟ್ಟಿನವನನ್ನು 15 ಸಲ. ಬೆಳಕು ಹಿಂದಿರುಗಿಸುವ ಪಟ್ಟಿಯ ಜಾಕೆಟ್ಟಿಗೆ 50. ಅದೇ ಜಾಕೆಟ್ಟಿನ ಜೊತೆಗೆ ಮೊಣಕಾಲಿಗೂ ಕಾಲಿನ ಗಿಣ್ಣಿಗೂ ಒಂದೊಂದು ಪಟ್ಟಿ ಕಟ್ಟಿದಾಗ 90. ಈ ಅಂಕಿಗಳನ್ನು ನಾನು ಎರಡು ಸಲ ಓದಿದೆ. ಎರಡು ಅಗ್ಗದ ಕಾಲುಪಟ್ಟಿಗಳು ಮಾಡುವ ಕೆಲಸ ಇಷ್ಟೆಂದು ನಂಬಲು ಆಗಲಿಲ್ಲ.

ಕಾರಣ ಸರಳವಾಗಿದೆ. ಬೆನ್ನಿನ ಮೇಲಿನ ಪಟ್ಟಿ ಅಲುಗುವುದಿಲ್ಲ. ಚಾಲಕನಿಗೆ ಏನೋ ಹೊಳೆಯಿತು ಎಂದು ತಿಳಿಯುತ್ತದೆ, ಏನು ಎಂದು ತಿಳಿಯುವುದಿಲ್ಲ. ಬೋರ್ಡೋ ಕಸದ ಡಬ್ಬಿಯೋ ಇರಬಹುದು. ಕಾಲಿನ ಪಟ್ಟಿ ಮೇಲೆ ಕೆಳಗೆ, ಮೇಲೆ ಕೆಳಗೆ ಹೋಗುತ್ತದೆ. ಪ್ರಪಂಚದಲ್ಲಿ ಹಾಗೆ ಚಲಿಸುವುದು ಮನುಷ್ಯನ ಕಾಲು ಮಾತ್ರ. 1973ರಲ್ಲಿ ಸ್ವೀಡನ್ನಿನ ಮನಃಶಾಸ್ತ್ರಜ್ಞ ಯೋಹಾನ್ಸನ್ ಕತ್ತಲೆಯಲ್ಲಿ ನಡೆಯುವವರ ಕೀಲುಗಳಲ್ಲಿ ಮಾತ್ರ ಬೆಳಕಿನ ಚುಕ್ಕೆ ಇಟ್ಟು ಜನರಿಗೆ ತೋರಿಸಿದ್ದರು. ಚುಕ್ಕೆಗಳು ನಿಂತಿದ್ದಾಗ ಅದೇನೆಂದು ತಿಳಿಯುವುದಿಲ್ಲ, ಚಲಿಸಿದ ಕ್ಷಣವೇ ಮನುಷ್ಯ ನಡೆಯುತ್ತಿದ್ದಾನೆ ಎಂದು ಯಾರಿಗಾದರೂ ಹೊಳೆಯುತ್ತದೆ. ಇದು ಕಲಿತು ಬರುವ ವಿದ್ಯೆಯಲ್ಲ, ಮೆದುಳಿನ ಸ್ವಭಾವ. ನಮ್ಮ ಹುಡುಗಿಯರು ಗೆಜ್ಜೆ ಕಟ್ಟಿ ಕುಣಿದದ್ದನ್ನು ಈಗತಾನೆ ನೋಡಿದಿರಿ. ಕಿವಿಗೆ ಗೆಜ್ಜೆ ಏನು ಮಾಡುತ್ತದೋ ಕಣ್ಣಿಗೆ ಈ ಪಟ್ಟಿ ಅದನ್ನು ಮಾಡುತ್ತದೆ.

ಒಂದು ಅಡ್ಡಮಾತು. ಈ ದೇಶದ ಕಾನೂನು ಇದನ್ನು ಮೊದಲೇ ಒಂದಿಷ್ಟು ಊಹಿಸಿತ್ತು. 1985ರ ಅಕ್ಟೋಬರ್ 1ರ ನಂತರ ತಯಾರಾದ ಸೈಕಲ್ಲಿನ ಪೆಡಲುಗಳಿಗೆ ರಾತ್ರಿ ಕಿತ್ತಳೆ ಬಣ್ಣದ ಪ್ರತಿಫಲಕಗಳು ಇರಲೇಬೇಕು. ಹಳೆಯ ಸೈಕಲ್ ಕೊಳ್ಳುವ ವಿದ್ಯಾರ್ಥಿಗಳು ಗಂಟೆ ಹೊಡೆದು ನೋಡುತ್ತಾರೆ, ಬ್ರೇಕು ಹಿಡಿದು ನೋಡುತ್ತಾರೆ, ಪೆಡಲಿನ ಆ ಕಿತ್ತಳೆ ಚೂರು ಮುರಿದು ಬಿದ್ದಿರುವುದನ್ನು ಯಾರೂ ನೋಡುವುದಿಲ್ಲ.

ಹಾಗೆಂದು ಪಟ್ಟಿ ಕಟ್ಟಿ ದೀಪ ಮರೆಯಬಾರದು. ಇದನ್ನು ಒತ್ತಿ ಹೇಳುತ್ತೇನೆ. ಪಟ್ಟಿ ಕೆಲಸ ಮಾಡುವುದು ಕಾರಿನ ಮುಂದೀಪ ಅದರ ಮೇಲೆ ಬಿದ್ದಾಗ ಮಾತ್ರ. ಅಡ್ಡರಸ್ತೆಯಿಂದ ಹೊರಗೆ ಬರುತ್ತಿರುವ ಕಾರಿನ ದೀಪ ನೇರಕ್ಕೆ ಬೀಳುತ್ತದೆ, ಪಕ್ಕದಿಂದ ಬರುವ ನಿಮ್ಮ ಮೇಲಲ್ಲ. ಆಗ ನಿಮ್ಮನ್ನು ಕಾಯುವುದು ನಿಮ್ಮದೇ ದೀಪ. ಸೈಕಲ್ ಅಪಘಾತಗಳಲ್ಲಿ ಬಹುಪಾಲು ನಡೆಯುವುದು ರಸ್ತೆಗಳು ಕೂಡುವಲ್ಲಿಯೇ ಅಥವಾ ಅದರ ಹತ್ತಿರದಲ್ಲಿಯೇ.

ದೀಪದ ಮಾತು ಬಂದಾಗ ನನಗೆ ತಂದೆಯವರ ನೆನಪಾಗುತ್ತದೆ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದರು. ಹರ್ಕ್ಯುಲಿಸ್ ಸೈಕಲ್ಲು, ಅದಕ್ಕೆ ಮಿಲ್ಲರ್ ಡೈನಮೊ. ಗಾಲಿಗೆ ಡೈನಮೊ ಒರಗಿಸಿದರೆ ಗುಂಯ್ ಎಂಬ ಶಬ್ದ, ಮುಂದೆ ಒಂದು ಹಳದಿ ವೃತ್ತ. ದೀಪವಿಲ್ಲದೆ ಪೇಟೆಗೆ ಹೋದರೆ ಪೊಲೀಸಿನವರು ಹಿಡಿದು ಗಾಲಿಯ ಗಾಳಿ ಬಿಡುತ್ತಿದ್ದ ಕಥೆಗಳನ್ನು ಅವರ ಕಾಲದವರೆಲ್ಲ ಹೇಳುತ್ತಾರೆ. ಆ ಸೈಕಲ್ಲನ್ನು ಕಂಬಿಯ ಮೇಲೆ ಕೂತು ಸವಾರಿ ಮಾಡಿದ ನಾನು ಮೈಸೂರಿನಲ್ಲಿ ಎಂಬಿಬಿಎಸ್, ಬೆಂಗಳೂರಿನಲ್ಲಿ ರೆಸಿಡೆನ್ಸಿ ಮುಗಿಸಿ 2009ರಲ್ಲಿ ಇಲ್ಲಿಗೆ ಬಂದು ಎಷ್ಟೋ ದಿನದ ಮೇಲೆ ತಿಳಿದುಕೊಂಡೆ: ಹರ್ಕ್ಯುಲಿಸ್ ಹುಟ್ಟಿದ್ದು 1910ರಲ್ಲಿ ಇದೇ ಬರ್ಮಿಂಗ್‌ಹ್ಯಾಮಿನ ಆಸ್ಟನ್ನಿನಲ್ಲಿ. ಮಿಲ್ಲರ್ ದೀಪದ ಕಂಪನಿಯೂ ಆಸ್ಟನ್ನಿನದೇ. ಅದಕ್ಕೂ ಮೊದಲು, 1880ರ ಸುಮಾರಿಗೆ, ಇದೇ ಊರಿನ ಜೋಸೆಫ್ ಲೂಕಸ್ ದೊಡ್ಡ ಗಾಲಿಯ ಸೈಕಲ್ಲುಗಳ ಅಚ್ಚಿಗೆ ತೂಗುಹಾಕುವ ಎಣ್ಣೆ ದೀಪ ಮಾಡಿ ಅದಕ್ಕೆ 'ಕಿಂಗ್ ಆಫ್ ದಿ ರೋಡ್' ಎಂದು ಹೆಸರಿಟ್ಟು ಪ್ರಸಿದ್ಧನಾದ. ತಿಪಟೂರಿನ ಮೇಷ್ಟ್ರ ರಾತ್ರಿಗೆ ಬೆಳಕು ಕೊಟ್ಟ ಊರಿನಲ್ಲಿ ಮೇಷ್ಟ್ರ ಮಗ ದೀಪ ಮುಚ್ಚಿಹೋಗಿದ್ದ ಹುಡುಗನಿಗೆ ಕಾರು ತಾಗಿಸಿದ. ಇರಲಿ.

ಆ ಡೈನಮೊಗೆ ಒಂದು ದೋಷವಿತ್ತು. ಸೈಕಲ್ ನಿಂತರೆ ದೀಪ ಆರುತ್ತಿತ್ತು. ಅಂದರೆ ವೃತ್ತದಲ್ಲಿ, ತಿರುವಿನಲ್ಲಿ, ಎಲ್ಲಿ ಬೆಳಕು ಅತ್ಯಗತ್ಯವೋ ಅಲ್ಲಿಯೇ ಕತ್ತಲೆ. ಈಗಿನ ಎಲ್‌ಇಡಿ ದೀಪಗಳಿಗೆ ಆ ತೊಂದರೆಯಿಲ್ಲ. ಈಗಿನ ತೊಂದರೆ ಬೇರೆ. ಬ್ಯಾಟರಿ ಮುಗಿಯುತ್ತ ಬಂದರೂ ಅವು ತಟಕ್ಕನೆ ಆರುವುದಿಲ್ಲ, ಮೆಲ್ಲಗೆ ಮಂಕಾಗುತ್ತವೆ. ಸವಾರನಿಗೆ ತನ್ನ ಹಿಂದಿನ ದೀಪ ಕಾಣುವುದಿಲ್ಲವಲ್ಲ, ವಾರಗಟ್ಟಲೆ ಮಿಣುಕು ಹುಳವನ್ನು ಕಟ್ಟಿಕೊಂಡು ತಿರುಗುತ್ತಿರುತ್ತಾನೆ. ಮೊಬೈಲನ್ನು ದಿನಾ ಚಾರ್ಜಿಗೆ ಹಾಕುವಾಗ ಪಕ್ಕದಲ್ಲಿ ದೀಪವನ್ನೂ ಹಾಕಿ. ದೀಪ ಕಟ್ಟಿದ ಮೇಲೆ ಒಂದು ಸಲ ಕೋಟು ಹಾಕಿಕೊಂಡು, ಬೆನ್ನಿಗೆ ಚೀಲ ಏರಿಸಿಕೊಂಡು, ಸೀಟಿನ ಮೇಲೆ ಕೂತು, ಸ್ನೇಹಿತನನ್ನು ಹಿಂದೆ ನಿಲ್ಲಿಸಿ ಕೇಳಿ: ಕಾಣುತ್ತದೆಯೇ? ಆ ಹುಡುಗ ಇದೊಂದು ಮಾಡಿದ್ದರೆ ನಾನಿವತ್ತು ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದೆ.

ಮಿನುಗುವ ದೀಪ ಒಳ್ಳೆಯದೋ ನಿಂತ ದೀಪ ಒಳ್ಳೆಯದೋ ಎಂದು ಕೇಳುತ್ತೀರಿ. ಮಿನುಗುವ ದೀಪ 2005ರಿಂದ ಇಲ್ಲಿ ಕಾನೂನುಬದ್ಧ. ಅದು ಬೇಗ ಗಮನ ಸೆಳೆಯುತ್ತದೆ. ಆದರೆ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಅಳೆಯಲು ನಿಂತ ದೀಪವೇ ಸುಲಭ. ಸಾಧ್ಯವಿದ್ದರೆ ಹಿಂದೆ ಎರಡನ್ನೂ ಹಾಕಿ. ಮುಂದಿನ ಬಿಳಿ ದೀಪ ಹಿಂದಿನ ಕಾರುಗಳ ಮುಂದೀಪದ ಗುಂಪಿನಲ್ಲಿ ಕರಗಿಹೋಗುತ್ತದೆ ಎಂಬುದನ್ನೂ ನೆನಪಿಡಿ. ಎದುರಿನಿಂದ ಬಲಕ್ಕೆ ತಿರುಗಲು ಕಾಯುತ್ತಿರುವ ಚಾಲಕನಿಗೆ ನೀವು ಆ ಗುಂಪಿನ ಒಂದು ಚುಕ್ಕೆ. ಕಾಲುವೆಯ ಪಕ್ಕದ ದಾರಿಯಲ್ಲಿ ಹೋಗುವವರು ಮಾತ್ರ ದೀಪವನ್ನು ನೆಲಕ್ಕೆ ಬಾಗಿಸಿ, ಎದುರು ನಡೆದು ಬರುವವರ ಕಣ್ಣಿಗೆ ಹೊಡೆದು ಅವರನ್ನು ನೀರಿಗೆ ಇಳಿಸಬೇಡಿ.

ಸೆಲ್ಲಿ ಓಕ್ ಕಡೆಯಿಂದ ನಗರ ಕೇಂದ್ರಕ್ಕೆ ಹೋಗುವವರಿಗೆ 2019ರಲ್ಲಿ ತೆರೆದ ಎ38 ಸೈಕಲ್ ಪಥವಿದೆ. ಬಸ್ಸುಗಳ ನಡುವೆ ನುಗ್ಗುವುದಕ್ಕಿಂತ ಅದು ಎಷ್ಟೋ ಮೇಲು, ನಾನೇ ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಆದರೆ ಅಲ್ಲಿ ಒಂದೇ ಪಥದಲ್ಲಿ ಎರಡೂ ದಿಕ್ಕಿನ ಸೈಕಲ್ಲುಗಳು ಓಡುತ್ತವೆ. ಅಡ್ಡರಸ್ತೆಯಿಂದ ಬರುವ ಚಾಲಕ ಅಭ್ಯಾಸಬಲದಿಂದ ಬಲಗಡೆ ಮಾತ್ರ ನೋಡುತ್ತಾನೆ, ಏಕೆಂದರೆ ಕಾರುಗಳು ಬರುವುದು ಅತ್ತಲಿಂದ. ನೀವು ಅವನ ಎಡಗಡೆಯಿಂದ ಬರುತ್ತಿದ್ದರೆ ಅವನ ಕತ್ತು ನಿಮ್ಮ ಕಡೆ ತಿರುಗುವ ತನಕ ಜಾಗ್ರತೆ. ದೀಪ ನೋಡದ ಕಣ್ಣಿಗೆ ಯಾವ ದೀಪವೂ ಕಾಣುವುದಿಲ್ಲ.

ಇಷ್ಟು ಹೊತ್ತು ಸೈಕಲ್ಲಿನವರಿಗೇ ಉಪದೇಶ ಮಾಡಿದೆ. ಕಾರು ತಾಗಿಸಿದವನು ಪೆಟ್ಟು ತಿಂದವನಿಗೆ ಬುದ್ಧಿ ಹೇಳುವುದು ಚಂದವಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನನಗೂ ಅನಿಸಿತ್ತು. ಈ ಜಗಳ ಹೊಸದಲ್ಲ. ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಈ ದೇಶದ ಸೈಕಲ್ ಸಂಘದವರು ಹಿಂದಿನ ಕೆಂಪು ದೀಪವನ್ನು ಕಡ್ಡಾಯ ಮಾಡುವುದನ್ನು ವಿರೋಧಿಸಿದ್ದರು. ಎಷ್ಟು ದೂರ ಕಣ್ಣಿಗೆ ಕಾಣುತ್ತದೋ ಅಷ್ಟರಲ್ಲಿ ನಿಲ್ಲಿಸುವಂತೆ ಓಡಿಸುವುದು ಮೋಟಾರಿನವನ ಹೊಣೆ, ಅದನ್ನು ನಮ್ಮ ಮೇಲೆ ಹೊರಿಸಬೇಡಿ ಎಂಬುದು ಅವರ ವಾದ. ಎರಡನೆಯ ಮಹಾಯುದ್ಧದಲ್ಲಿ ಊರಿನ ದೀಪಗಳನ್ನೆಲ್ಲ ಆರಿಸಬೇಕಾಗಿ ಬಂದಾಗ ಕೆಂಪು ದೀಪ ಕಡ್ಡಾಯವಾಯಿತು, ಆಮೇಲೆ ಹಾಗೇ ಉಳಿಯಿತು. ನ್ಯಾಯಾಲಯದಲ್ಲಿ ನಿಂತರೆ ನಾನು ಆ ಸಂಘದವರ ಕಡೆಯೇ ವಾದಿಸುತ್ತೇನೆ. ಆದರೆ ರೆಸಿಡೆನ್ಸಿಯ ದಿನಗಳಿಂದ ಇವತ್ತಿನವರೆಗೆ ರಾತ್ರಿ ಎರಡು ಗಂಟೆಗೆ ಮೇಜಿನ ಮೇಲೆ ಮಲಗಿಸಿದವರಲ್ಲಿ ತಪ್ಪಿಲ್ಲದವರನ್ನು ಎಷ್ಟೋ ನೋಡಿದ್ದೇನೆ. ಅವರ ಮೂಳೆ ಬೇಗ ಕೂಡಿಕೊಂಡದ್ದನ್ನು ನೋಡಿಲ್ಲ.

ಆದ್ದರಿಂದ ಸ್ಟಿಯರಿಂಗ್ ಹಿಡಿಯುವ ನಮ್ಮಂಥವರಿಗೆ ಎರಡು ಮಾತು. ಗಂಟೆಗೆ 30 ಮೈಲಿ ವೇಗದಲ್ಲಿ ಕಾರು ನಿಲ್ಲಲು ಹೈವೇ ಕೋಡ್ ಪ್ರಕಾರ 23 ಮೀಟರು ಬೇಕು, ಅದರಲ್ಲಿ 9 ಮೀಟರು ನಾವು ಯೋಚಿಸುವಷ್ಟರಲ್ಲೇ ಕಳೆದುಹೋಗುತ್ತದೆ. ಒದ್ದೆ ರಸ್ತೆಯಲ್ಲಿ ಅದು ಕಡೇಪಕ್ಷ ಎರಡರಷ್ಟು. 20 ಮೈಲಿಗೆ ಇಳಿಸಿದರೆ 12 ಮೀಟರು. ಮನೆಗೆ ಎರಡು ನಿಮಿಷ ತಡವಾಗಿ ಹೋದರೆ ಸಾರು ತಣ್ಣಗಾಗುವುದಿಲ್ಲ. ಎಡಕ್ಕೆ ತಿರುಗುವ ಮೊದಲು ಕನ್ನಡಿ ಸಾಲದು, ಭುಜದ ಮೇಲೆ ಕತ್ತು ತಿರುಗಿಸಿ ನೋಡಬೇಕು. ಬೋರ್ನ್‌ಬ್ರೂಕಿನ ಬೀದಿಗಳಂತೆ ಎರಡೂ ಕಡೆ ಕಾರು ನಿಂತಿರುವಲ್ಲಿ ಇಳಿಯುವಾಗ ಬಾಗಿಲಿನಿಂದ ದೂರದ ಕೈಯಲ್ಲಿ ಬಾಗಿಲು ತೆಗೆಯಿರಿ, ಆಗ ಮೈ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಬರುತ್ತಿರುವ ಸೈಕಲ್ ಕಾಣುತ್ತದೆ. ಇದೂ 2022ರಿಂದ ಹೈವೇ ಕೋಡಿನಲ್ಲಿದೆ.

ಇನ್ನು ಹಿರಿಯರಿಗೆ, ಸಂಕೋಚದಿಂದಲೇ. ಅರವತ್ತು ದಾಟಿದವರ ಹಿಂಪರದೆಗೆ ತಲುಪುವ ಬೆಳಕು ಇಪ್ಪತ್ತು ವರ್ಷದವರಿಗೆ ತಲುಪುವುದರ ಸುಮಾರು ಮೂರರಲ್ಲಿ ಒಂದು ಪಾಲು. ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಎದುರಿನ ದೀಪ ಹೊಡೆದ ಮೇಲೆ ಕಣ್ಣು ಚೇತರಿಸಿಕೊಳ್ಳುವುದೂ ನಿಧಾನ. ಹಗಲಲ್ಲಿ 20 ಮೀಟರಿನಿಂದ ನಂಬರ್ ಪ್ಲೇಟ್ ಓದಿದ ಮಾತ್ರಕ್ಕೆ ರಾತ್ರಿಯ ಕಣ್ಣು ಸರಿಯಿದೆ ಎಂದಲ್ಲ. "ಈಚೆಗೆ ರಾತ್ರಿ ದೀಪಗಳು ಯಾಕೋ ಹರಡಿದಂತೆ ಕಾಣುತ್ತವೆ" ಎನ್ನುವವರು ಕಾರಿನ ಗಾಜು ಒರೆಸಿ ಸುಮ್ಮನಾಗಬೇಡಿ, ಕಣ್ಣಿನ ಪರೀಕ್ಷೆ ಮಾಡಿಸಿ. ಬಹಳ ಸಲ ಅದು ಪೊರೆ. ಊರಿನಿಂದ ಬಂದು ಬೂದು ಶಾಲು, ಕಪ್ಪು ಮಂಕಿ ಕ್ಯಾಪಿನಲ್ಲಿ ಸಂಜೆಯ ವಾಕಿಂಗಿಗೆ ಹೊರಡುವ ತಂದೆತಾಯಿಗಳೂ ಒಂದೊಂದು ಕಾಲುಪಟ್ಟಿ ಕಟ್ಟಿಕೊಂಡರೆ ಮಕ್ಕಳಿಗೆ ನೆಮ್ಮದಿ.

ಮಕ್ಕಳ ಮಾತು. ನನ್ನ ಮಗಳಿಗೆ ಹಳದಿ ಜಾಕೆಟ್ ಕೊಡಿಸಲು ಹೋಗಿ ಸೋತಿದ್ದೇನೆ. ಶಾಲೆಯಲ್ಲಿ ಎಲ್ಲರೂ ನಗುತ್ತಾರಂತೆ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ ಬಸ್ಸಿನಲ್ಲಿ, ಅಂಗಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಹೋಗಿಬರುವುದನ್ನು ನಾವೇ ಒಂದು ಜಾಣತನವೆಂದು ರೂಢಿಸಿಕೊಂಡಿದ್ದೆವು. ಕಪ್ಪು ಕೋಟು, ತಗ್ಗಿದ ದನಿ. ಅದು ಮಕ್ಕಳಿಗೆ ನಮ್ಮಿಂದಲೇ ಬಂದಿರಬಹುದು. ಕಾಲುಪಟ್ಟಿಗೆ ಮಾತ್ರ ಅವಳು ಒಪ್ಪಿದಳು. ಶಾಲೆಯ ಬಾಗಿಲಲ್ಲಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಅಷ್ಟು ಸಾಕು.

ಆ ಹುಡುಗನಿಗೆ ಏನಾಯಿತು ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಅವನು ಆಸ್ಪತ್ರೆಗೆ ಬರಲು ಒಪ್ಪಲೇ ಇಲ್ಲ. "ಬಿಲ್ ಕೊಡಾಕ ನನ್ನ ಹತ್ರ ರೊಕ್ಕ ಇಲ್ಲ ಸರ್" ಎಂದ. ವಿದ್ಯಾರ್ಥಿ ಮಿತ್ರರೆ, ವೀಸಾಕ್ಕೆ ಅರ್ಜಿ ಹಾಕುವಾಗ ಆರೋಗ್ಯದ ಶುಲ್ಕವನ್ನು ನೀವು ಕಟ್ಟಿಯೇ ಬಂದಿದ್ದೀರಿ. ಎನ್‌ಎಚ್‌ಎಸ್ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಿಮಗೆ ಯಾರೂ ಬಿಲ್ ಕೊಡುವುದಿಲ್ಲ. ಇದನ್ನು ನಿಮ್ಮ ಮನೆಯ ಎಲ್ಲ ಹುಡುಗರಿಗೂ ತಿಳಿಸಿ. ಪುಸಲಾಯಿಸಿ ಕರೆದುಕೊಂಡು ಹೋದೆ. ಹೆಬ್ಬೆರಳಿನ ಬುಡದಲ್ಲಿ ಒತ್ತಿದರೆ ನೋವು. ಅಲ್ಲಿ ಸ್ಕಾಫಾಯ್ಡ್ ಎಂಬ ಗೋಡಂಬಿಯಂಥ ಸಣ್ಣ ಮೂಳೆಯಿದೆ. ಕೈಯೂರಿ ಬಿದ್ದ ಯುವಕರಲ್ಲಿ ಅದು ಮುರಿಯುವುದು ಹೆಚ್ಚು, ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೂ ಇಲ್ಲ. ಅಲಕ್ಷ್ಯ ಮಾಡಿದರೆ ರಕ್ತ ಸಂಚಾರ ಸಾಲದೆ ಕೂಡಿಕೊಳ್ಳದೆ ಉಳಿದು ಜೀವನವಿಡೀ ಕಾಡುತ್ತದೆ. ಎರಡು ತಿಂಗಳು ಪ್ಲಾಸ್ಟರು. ಕೆಲಸ ಹೋಯಿತು, ಒಂದು ಪ್ರಬಂಧ ತಡವಾಯಿತು, ಅಮ್ಮನಿಗೆ ವೀಡಿಯೊ ಕರೆ ಮಾಡುವಾಗಲೆಲ್ಲ ಎಡಗೈಯನ್ನು ಚಿತ್ರದಿಂದ ಹೊರಗಿಡುತ್ತಿದ್ದ. ಆ ಎರಡು ತಿಂಗಳೂ ಭಾನುವಾರದ ಊಟ ನಮ್ಮ ಮನೆಯಲ್ಲಿ. ಈಗ ಅವನಿಗೆ ಒಳ್ಳೆಯ ಕೆಲಸ ಸಿಕ್ಕಿದೆ, ಕೈ ಪೂರ್ತಿ ಸರಿಹೋಗಿದೆ. ಇದನ್ನೆಲ್ಲ ಹೇಳಲು ಅವನ ಒಪ್ಪಿಗೆ ಪಡೆದಿದ್ದೇನೆ, ಹೆಸರು ಮಾತ್ರ ಬೇಡವೆಂದ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಹೊರಗೆ ಈಗಾಗಲೇ ಕತ್ತಲಾಗಿದೆ. ಊಟವಾದ ಮೇಲೆ ಹಿಂದಿನ ಕಾರ್ ಪಾರ್ಕಿಗೆ ಬನ್ನಿ. ನನ್ನ ಕಾರಿನ ದೀಪ ಹಾಕಿರುತ್ತೇನೆ. ಇಬ್ಬರು ಹುಡುಗರು ಅತ್ತ ಕೊನೆಯಲ್ಲಿ ಸೈಕಲ್ ತುಳಿಯುತ್ತಾರೆ, ಒಬ್ಬನ ಕಾಲಿಗೆ ಪಟ್ಟಿ ಇರುತ್ತದೆ, ಇನ್ನೊಬ್ಬನಿಗೆ ಇರುವುದಿಲ್ಲ. ದೀಪದ ಪಕ್ಕ ದೂರದಲ್ಲಿ ನಿಂತು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಬೆಳಕು ವಾಪಸು ಬರುವುದು ಕಾರಿನ ಕಡೆಗೇ. ಆದ್ದರಿಂದ ಒಬ್ಬೊಬ್ಬರಾಗಿ ಚಾಲಕನ ಸೀಟಿನಲ್ಲಿ ಕೂತೇ ನೋಡಬೇಕು. ಕಾರು ಓಡಿಸದವರೂ ಕೂರಬಹುದು, ಬೀಗದ ಕೈ ನನ್ನ ಬಳಿಯೇ ಇರುತ್ತದೆ. ಕಾಲುಪಟ್ಟಿಗಳು ಬಾಗಿಲ ಪಕ್ಕದ ಮೇಜಿನ ಮೇಲಿವೆ, ಮನೆಗೆ ಎಷ್ಟು ಕಾಲುಗಳಿವೆಯೋ ಲೆಕ್ಕ ಹಾಕಿ ತೆಗೆದುಕೊಂಡು ಹೋಗಿ. ಬರುವಾಗ ಕೋಟು ಹಾಕಿಕೊಂಡು ಬನ್ನಿ, ಹೊರಗೆ ಚಳಿ ಇದೆ.